ತನಿಯುಸ್ ಕೊಡುತ್ತಿದ್ದ ಉತ್ತರ

ಮಂಜಿನೊಳಗಿಂದ ರೋಮನ್ ಸೈನಿಕರು ನಡೆದು ಬರುವುದನ್ನು ನಾನು ನೋಡಿದ್ದೇನೆ. ಕನಸಿನಲ್ಲಲ್ಲ, ಕುವೈತಿನ ಅಹ್ಮದಿಯ ಆಚೆಗಿನ ಮರುಭೂಮಿಯಲ್ಲಿ, ಚಳಿಗಾಲದ ಶುಕ್ರವಾರಗಳ ಬೆಳಿಗ್ಗೆ. ಮೊದಲು ತಗಡಿಗೆ ತಗಡು ತಾಗುವ ಸದ್ದು ಬರುತ್ತಿತ್ತು. ಆಮೇಲೆ ಕೆಂಪು ಗುರಾಣಿಗಳು. ಕಾಲುಗಳು ಕಾಣದೆ, ಗಾಳಿಯಲ್ಲಿ ತೇಲಿಕೊಂಡೇ ಬಂದ ಹಾಗಿರುತ್ತಿತ್ತು. ದೂರದ ಎಣ್ಣೆ ಬಾವಿಯ ಬೆಂಕಿ ಮಂಜಿನಲ್ಲಿ ಕದಡಿಹೋಗಿ, ಸೂರ್ಯ ಯಾವ ಕಡೆಯಿಂದ ಹುಟ್ಟುತ್ತಾನೆಂದೇ ತಿಳಿಯುತ್ತಿರಲಿಲ್ಲ. ಆ ಸಾಲಿನಲ್ಲಿ ಹೊಟ್ಟೆ ಸ್ವಲ್ಪ ಮುಂದೆ ಬಂದವರು ನನ್ನ ಗಂಡ ಜೋಕಿಮ್.

ಈ ಹುಚ್ಚಿಗೆ ನಾನು ಬೈದದ್ದು ಅಷ್ಟಿಷ್ಟಲ್ಲ. ವಾರವಿಡೀ ತೈಲ ಕಂಪನಿಯಲ್ಲಿ ಮೀಟರು ರಿಪೇರಿ ಮಾಡುವ ಮನುಷ್ಯ, ರಜೆಯ ದಿನ ಜಾಬ್ರಿಯಾದ ಕ್ಲಿನಿಕ್ಕಿನಿಂದ ಡ್ಯೂಟಿ ಮುಗಿಸಿ ಬಂದ ಹೆಂಡತಿಗೆ ಒಂದು ಲೋಟ ಚಾ ಮಾಡಿಕೊಡುವುದು ಬಿಟ್ಟು, ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿಬಿಡುತ್ತಿದ್ದರು! ಶುರುವಾದದ್ದು ನಮ್ಮ ಚರ್ಚಿನಲ್ಲಿ. ಶುಭ ಶುಕ್ರವಾರದ ನಾಟಕದಲ್ಲಿ ಇವರು ರಟ್ಟಿನ ಕವಚ ಹಾಕಿ ಸೈನಿಕನಾಗಿದ್ದರು. ಅದನ್ನು ನೋಡಿದ ಕೊನ್ರಾಡ್ ಎಂಬ ಜರ್ಮನ್ ಎಂಜಿನಿಯರ್ ಇವರನ್ನು ತನ್ನ ಗುಂಪಿಗೆ ಕರೆದ. ಹಳೆಯ ರೋಮನ್ ಸೈನಿಕರು ಏನು ಉಡುತ್ತಿದ್ದರು, ಏನು ತಿನ್ನುತ್ತಿದ್ದರು, ಹೇಗೆ ನಡೆಯುತ್ತಿದ್ದರು ಎಂದು ಓದಿ, ಹಾಗೆಯೇ ಮಾಡಿ ನೋಡುವುದು ಆ ಗುಂಪಿನ ಹವ್ಯಾಸ. ರೋಮನ್ನರು ಕುವೈತಿಗೆ ಬಂದಿದ್ದರೋ ಇಲ್ಲವೋ ದೇವರಿಗೇ ಗೊತ್ತು, ನನ್ನ ಗಂಡ ಮಾತ್ರ ಬಂದರು.

ರಟ್ಟಿನ ಕವಚ ಅಲ್ಲಿ ನಡೆಯುವುದಿಲ್ಲವಲ್ಲ. ಅದಕ್ಕೇ ತನಿಯಪ್ಪ ಬಂದದ್ದು. ಅರ್ದಿಯಾದಲ್ಲಿ ಏಸಿ ಡಕ್ಟ್ ಮಾಡುವ ವರ್ಕ್‌ಶಾಪಿನಲ್ಲಿದ್ದ ನಮ್ಮ ಊರಿನ ಕಡೆಯ ತುಳುವ. ಊರಿನ ರೂಢಿಯಂತೆ ಅವನಿಗೆ ಕ್ರಿಶ್ಚಿಯನ್ ಗಂಡಸರು ಪೊರ್ಬುಗಳು, ಹೆಂಗಸರು ಬಾಯಮ್ಮ. ಉಳಿದ ತಗಡಿನ ತುಂಡುಗಳನ್ನು ಮೇಸ್ತ್ರಿಯ ಹತ್ತಿರ ಕೇಳಿ ತಂದು, ಬಗ್ಗಿಸಿ, ಚರ್ಮದ ದಾರ ಪೋಣಿಸಿ ಇವರಿಗೊಂದು ಕವಚ ಮಾಡಿಕೊಟ್ಟ. ಅದನ್ನು ಇವರಿಗೆ ಹಾಕಿಸಿ ನೋಡಲು ನಮ್ಮ ಮನೆಗೆ ಬಂದವನು ನಗುತ್ತಾ ಕೂತುಬಿಟ್ಟ.

“ಬಾಯಮ್ಮ, ನಿಮ್ಮ ಪೊರ್ಬುಗಳು ಥೇಟ್ ನಮ್ಮ ಗೋಡೌನಿನ ಏಸಿಯ ಹಾಗೆ ಕಾಣ್ತಾರೆ ಮಾರಾಯ್ರೆ!”

“ಏಸಿಯಾದ್ರೆ ತಂಪಾದ್ರೂ ಕೊಡ್ತದೆ. ಇದರಿಂದ ಎಂತ ಉಪಯೋಗ ಉಂಟು?” ಎಂದೆ ನಾನು.

ನಕ್ಕವನೇ ಮುಂದಿನ ವಾರ ತನಗೂ ಒಂದು ಮಾಡಿಕೊಂಡು ಬಂದ. ಆ ಕವಚವನ್ನು ಒಬ್ಬರೇ ಹಾಕಿಕೊಳ್ಳಲು ಆಗುವುದಿಲ್ಲ, ಬೆನ್ನಿನ ದಾರವನ್ನು ಇನ್ನೊಬ್ಬರೇ ಕಟ್ಟಬೇಕು. ಇವರದ್ದು ಅವನು ಕಟ್ಟುವುದು, ಅವನದ್ದು ಇವರು.

ಗುಂಪಿನಲ್ಲಿ ಎಲ್ಲರೂ ರೋಮನ್ ಹೆಸರು ಇಟ್ಟುಕೊಳ್ಳಬೇಕು. ಅಪ್ಪ ಅಮ್ಮ ಇಟ್ಟ ಹೆಸರು ಬಿಡಲು ತನಿಯಪ್ಪ ಒಪ್ಪಲಿಲ್ಲ. ಬಾಲ ಮಾತ್ರ ಬದಲಿಸಿ ತನಿಯುಸ್ ಆದ. ಇವರು ಜೋಕಿಮುಸ್. ಮೊದಲ ಹಾಜರಿಯ ದಿನ ಕೊನ್ರಾಡ್ ಗಂಭೀರ ದನಿಯಲ್ಲಿ ಹೆಸರು ಕೂಗಿದ. ‘ಅದ್ಸುಮ್’, ಅಂದರೆ ‘ಇದ್ದೇನೆ’ ಎನ್ನಬೇಕಿತ್ತು. ಆದರೆ ಎಳೆದು ಎಳೆದು ಕೂಗುವ ಲ್ಯಾಟಿನ್ ಹೆಸರು ಕಿವಿಗೆ ಬಿದ್ದರೆ ನಮ್ಮಂಥವರ ಬಾಯಿಗೆ ಬರುವುದು ಒಂದೇ. ಊರಿನಲ್ಲಿ ಅಜ್ಜಿ ನಮ್ಮನ್ನು ಮೊಣಕಾಲೂರಿಸಿ ಜಪಮಾಲೆ ಹೇಳಿಸಿದ ಮೇಲೆ ಸಂತರ ಹೆಸರುಗಳನ್ನು ಒಂದೊಂದಾಗಿ ಹಾಡುತ್ತಿದ್ದರು, ಪ್ರತಿ ಹೆಸರಿಗೂ ನಾವು ‘ನಮಗಾಗಿ ಪ್ರಾರ್ಥಿಸು’ ಎಂದು ಲ್ಯಾಟಿನ್ನಿನಲ್ಲಿ ಹಾಡಬೇಕಿತ್ತು. ಜೋಕಿಮುಸ್ ಎಂದು ಕೂಗಿದ್ದೇ ಇವರು ರಾಗವಾಗಿ ಅದನ್ನೇ ಹಾಡಿಬಿಟ್ಟರು: “ಓರಾ ಪ್ರೊ ನೋಬಿಸ್.”

ಮುಂದಿನ ಹೆಸರು ತನಿಯಪ್ಪನದು. ಪೊರ್ಬುಗಳು ಹೇಳಿದ ಮೇಲೆ ಅದೇ ಸರಿಯಾದ ಉತ್ತರ ಇರಬೇಕೆಂದುಕೊಂಡು ಅವನೂ ಅದೇ ರಾಗದಲ್ಲಿ ಕೂಗಿದ. ಸೈನ್ಯಕ್ಕೆ ಸೈನ್ಯವೇ ನಕ್ಕು ಮರಳಿನಲ್ಲಿ ಕೂತಿತಂತೆ. ಅರ್ಥ ತಿಳಿದ ಮೇಲಾದರೂ ಬದಲಾಯಿಸಿದನೇ? ಊಹೂಂ.

“ಇರ್ಲಿ ಬಾಯಮ್ಮ, ಯಾರಾದ್ರೂ ನಮಗೋಸ್ಕರ ಪ್ರಾರ್ಥಿಸಿದ್ರೆ ನಷ್ಟವಾ?”

ಕಳೆದ ಆಗಸ್ಟಿನಲ್ಲಿ, ಮಲಗಿದಲ್ಲೇ ತನಿಯಪ್ಪ ತೀರಿಹೋದ. ಪೆಟ್ಟಿಗೆ ಊರಿಗೆ ಹೋಯಿತು, ಅವನ ಹೆಂಡತಿ ಉಮಾವತಿಯ ಹತ್ತಿರ. ವಿಮಾನ ಏರುವವರೆಗೂ ಅದರ ಪಕ್ಕದಲ್ಲಿದ್ದು ಬಂದ ಜೋಕಿಮ್, ಮನೆಗೆ ಬಂದವರೇ ಕವಚವನ್ನು ಬಾಲ್ಕನಿಯಲ್ಲಿಟ್ಟು ಮೇಲೊಂದು ಬೆಡ್‌ಶೀಟ್ ಹೊದಿಸಿದರು. ಆಮೇಲೆ ಮಾತಿಲ್ಲ, ನಗುವಿಲ್ಲ. “ಮಮ್ಮಾ, ಲೀವ್ ಹಿಮ್ ಅಲೋನ್” ಎಂದಳು ಮಗಳು ಪರ್ಲ್. ಹೇಗೆ ಬಿಡುವುದು? ಊಟದ ತಟ್ಟೆಯ ಮುಂದೆ ಕೂತವರು ಎಲ್ಲೋ ಬೇರೆ ಕಾಲದಲ್ಲಿರುವವರ ಹಾಗೆ ಇರುತ್ತಿದ್ದರು. ನನಗೆ ಹೆದರಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ತಾವಾಗಿಯೇ ಹೇಳಿದರು. “ದಿನಾ ಕನಸಿನಲ್ಲಿ ಬರ್ತಾನೆ ವೈಲೆಟ್. ಮಂಜಿನಲ್ಲಿ ನನ್ನ ಮುಂದೆ ನಡೀತಾ ಇರ್ತಾನೆ. ಕರೆದ್ರೆ ತಿರುಗುದೇ ಇಲ್ಲ.”

ಚಳಿ ಬಂತು. ಕೊನ್ರಾಡ್ ಫೋನ್ ಮಾಡಿದ. ಇವರು ಬರುವುದಿಲ್ಲವೆಂದುಬಿಟ್ಟರು. “ನನ್ನ ಹೆಸರು ಆದ ಮೇಲೆ ಅವನದ್ದು. ಅದನ್ನು ಹಾರಿಸಿ ಮುಂದಿನವನನ್ನು ಕರೆದ್ರೆ ನನಗೆ ಅಲ್ಲಿ ನಿಲ್ಲಲಿಕ್ಕೆ ಆಗುದಿಲ್ಲ.”

ಆ ತಗಡನ್ನು ಗುಜರಿಗೆ ಹಾಕುತ್ತೇನೆಂದು ವರ್ಷಗಟ್ಟಲೆ ಹೆದರಿಸಿದ್ದ ನಾನು, ಅದನ್ನು ಇವರ ಮೈಮೇಲೆ ಮತ್ತೆ ನೋಡಬೇಕೆಂದು ಹಟ ಹಿಡಿದೆ. ನನಗೆ ನನ್ನ ಗಂಡ ವಾಪಸ್ ಬೇಕಿತ್ತು, ಅಷ್ಟೇ. ಗುಟ್ಟಾಗಿ ಕೊನ್ರಾಡ್‌ಗೆ ಫೋನ್ ಮಾಡಿ, ತನಿಯಪ್ಪನ ಹೆಸರನ್ನು ಬಿಡಬೇಡಿ, ಕರೆಯಿರಿ ಎಂದೆ. ಶುಕ್ರವಾರ ಬೆಡ್‌ಶೀಟ್ ಎಳೆದು ಹಾಕಿದೆ.

“ದಾರ ಯಾರು ಕಟ್ಟುದು?” ಎಂದರು ಜೋಕಿಮ್.

“ಇಷ್ಟು ವರ್ಷ ಬ್ಯಾಂಡೇಜ್ ಕಟ್ಟಿದವಳಿಗೆ ಇದೊಂದು ದೊಡ್ಡದಾ? ಯಲ್ಲಾ, ಬೇಗ ಬೇಗ ತಿರುಗಿ ನಿಲ್ಲಿ.”

ಬೆನ್ನಿನ ದಾರಗಳಲ್ಲಿ ತನಿಯಪ್ಪನ ಗಂಟುಗಳ ಗುರುತು ಹಾಗೆಯೇ ಇತ್ತು. ಅದರ ಮೇಲೆಯೇ ಕಟ್ಟಿದೆ.

ಅವತ್ತೂ ಮಂಜು. ಎಲ್ಲರೂ ಸಾಲಾಗಿ ನಿಂತರು. ಇವರ ಎಡಕ್ಕೆ ಒಬ್ಬನಿಗಾಗುವಷ್ಟು ಜಾಗ ಖಾಲಿ. ಕೊನ್ರಾಡ್ ಕೂಗಿದ. ಜೋಕಿಮುಸ್. ಇವರು “ಅದ್ಸುಮ್” ಎಂದರು, ಸಣ್ಣ ದನಿಯಲ್ಲಿ. ಹಾಡಲಿಲ್ಲ.

ಆಮೇಲೆ ಕೊನ್ರಾಡ್ ಉದ್ದಕ್ಕೆ ಎಳೆದು ಕೂಗಿದ: “ತನಿಯುಸ್…”

ಅಯ್ಯೋ ನನ್ನ ಮಂಡೆಯೇ! ಹೆಸರು ಕರೆಯಲು ಹೇಳಿದ್ದೆ, ಉತ್ತರ ಯಾರು ಕೊಡಬೇಕೆಂದು ಯೋಚಿಸಿಯೇ ಇರಲಿಲ್ಲ. ಇವರ ಭುಜದ ತಗಡುಗಳು ಗಡಗಡ ನಡುಗುವುದು ನನಗೆ ಕೇಳಿಸುತ್ತಿತ್ತು. ಹೆಸರು ಮಂಜಿನಲ್ಲಿ ಹಾಗೇ ನಿಂತಿತ್ತು. ಕಾರಿನ ಪಕ್ಕ ಚಾದ ಫ್ಲಾಸ್ಕ್ ಹಿಡಿದು ನಿಂತಿದ್ದ ನನ್ನ ಬಾಯಿ, ನನ್ನನ್ನು ಕೇಳದೆಯೇ, ಅಜ್ಜಿಯ ರಾಗದಲ್ಲಿ ಹಾಡಿತು:

“ಓರಾ ಪ್ರೊ ನೋಬಿಸ್.”

ಜೋಕಿಮ್ ತಿರುಗಿ ನೋಡಿದರು. ಮುಖವೆಲ್ಲ ಕಣ್ಣೀರು, ಆದರೂ ನಗುತ್ತಿದ್ದರು. ಆಮೇಲೆ ಅವರೇ ಗಟ್ಟಿಯಾಗಿ ಹಾಡಿದರು, ಅವರ ಹಿಂದೆ ಇಡೀ ಸಾಲು ಹಾಡಿತು. ಚರ್ಚಿನವನೇ ಅಲ್ಲದ ಒಬ್ಬ ತುಳುವನನ್ನು ಹೀಗೆ ಸಂತರ ಸಾಲಿಗೆ ಸೇರಿಸಿದ್ದನ್ನು ನಾನು ನಮ್ಮ ಪಾದ್ರಿಗಳಿಗೆ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ.

ಸೈನ್ಯ ಹೊರಟಿತು, ಎಡಗಡೆಯ ಜಾಗವನ್ನು ಹಾಗೆಯೇ ಬಿಟ್ಟುಕೊಂಡು. ಕನಸಿನಲ್ಲಿ ತನಿಯಪ್ಪ ಬಂದಿದ್ದನಂತೆ, ಮರುದಿನ ಬೆಳಿಗ್ಗೆ ನನಗೆ ಚಾ ಮಾಡಿ ಕೊಡುತ್ತಾ ಜೋಕಿಮ್ ಹೇಳಿದರು. ಕರೆದಾಗ ತಿರುಗಿದನಂತೆ.