ಕಿತ್ತಳೆ ಬೂಟಿಗೆ ತೋರಿಸಿದ ಕೆಂಪು ಕಾರ್ಡು

ಬೂಟು ರಿಪೇರಿ ಅಂಗಡಿ ರಸ್ತೆಗಿಂತ ನಾಲ್ಕು ಮೆಟ್ಟಿಲು ಕೆಳಗಿತ್ತು. ಅದರ ಒಂದೇ ಒಂದು ಕಿಟಕಿ ಫುಟ್‌ಪಾತಿನ ಮಟ್ಟಕ್ಕೆ ತೆರೆಯುತ್ತಿತ್ತು. ಒಳಗೆ ಕೂತವರಿಗೆ ಊರೆಂದರೆ ಮೊಣಕಾಲಿನಿಂದ ಕೆಳಗೆ ಕಾಣುವುದಷ್ಟೆ. ಅಣ್ಣ ತಂಗಿ ಇಬ್ಬರೂ ಆ ಕಿಟಕಿಯ ಕೆಳಗೇ ಬೆಳೆದವರು. ಅಪ್ಪ ಹಿಮ್ಮಡಿಗೆ ಮೊಳೆ ಹೊಡೆಯುತ್ತಿದ್ದರೆ ಇವರದು ಒಂದೇ ಆಟ: ಬರುತ್ತಿರುವ ಕಾಲು ಯಾರದು, ಹೇಳು.

“ಅಂಚೆಯವನು. ಎಡಗಾಲು ಎಳೀತಾನೆ,” ಎನ್ನುವಳು ತಂಗಿ. ಅಣ್ಣ ತಲೆಯೆತ್ತುವಷ್ಟರಲ್ಲಿ ಅಂಚೆಯವನು ಮೆಟ್ಟಿಲಿಳಿಯುತ್ತಿದ್ದ.

ದೊಡ್ಡವಳಾದ ಮೇಲೂ ಆ ಚಾಳಿ ಹೋಗಲಿಲ್ಲ. ಬೀದಿಯಲ್ಲಿ ಯಾರಾದರೂ ಮಾತಾಡಿಸಿದರೆ ಮೊದಲು ಅವರ ಕಾಲು ನೋಡಿ, ಆಮೇಲೆ “ಓ, ನೀವಾ!” ಎನ್ನುತ್ತಿದ್ದಳು. ಅತ್ತಿಗೆ ಗದರುತ್ತಿದ್ದಳು: “ಜನಕ್ಕೆ ಮುಖಾನೂ ಇರುತ್ತೆ ಕಣೇ, ಒಂದ್ಸಲ ನೋಡು!”

ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅಣ್ಣನದಾಯಿತು. ತಂಗಿ ಬೆಳಿಗ್ಗೆ ಮೈದಾನ ಸುತ್ತಿ ಓಡಿ, ಬೆವರೊರೆಸಿಕೊಂಡು ಬಂದು ಅವನ ಪಕ್ಕದಲ್ಲಿ ಅಟ್ಟೆ ಹೊಲಿಯುತ್ತಿದ್ದಳು. ರಜೆಯ ದಿನ ಸೀಟಿ ಊದಲು ಹೋಗುತ್ತಿದ್ದಳು. ಶುರುವಾದದ್ದು ತಮಾಷೆಗೆ. ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದ ಹುಡುಗರು ಜಗಳವಾಡಿಕೊಂಡು ಆಟ ನಿಂತುಹೋಗಿತ್ತು. ಬೇಲಿಯಾಚೆ ನಿಂತಿದ್ದ ಇವಳು “ನಾನು ಹೇಳ್ತೀನಿ, ಕೇಳ್ತೀರಾ?” ಅಂದಳು. ಅವರು ನಕ್ಕರು, ಆಮೇಲೆ ಕೇಳಿದರು. ಅಲ್ಲಿಂದ ಶಾಲೆಯ ಪಂದ್ಯ, ಜಿಲ್ಲೆಯ ಪಂದ್ಯ, ಗಂಡಸರ ಲೀಗು. ನಿಯಮದ ಪರೀಕ್ಷೆ, ಓಟದ ಪರೀಕ್ಷೆ. ಕೊನೆಗೆ ಎದೆಯ ಮೇಲೆ ಅಂತರರಾಷ್ಟ್ರೀಯ ರೆಫರಿಯ ಬಿಲ್ಲೆ.

ಅಣ್ಣನಿಗೆ ಆಟದ ಗಂಧಗಾಳಿ ಇರಲಿಲ್ಲ. ಆದರೆ ಮೊದಲ ಸಲ ಅವಳನ್ನು ಟೀವಿಯಲ್ಲಿ ನೋಡಿದಾಗ ಅವನ ಕೈಯ ದಬ್ಬಳ ಕೈಯಲ್ಲೇ ಉಳಿಯಿತು. ಬಾಗಿಲಿನಷ್ಟು ಅಗಲದ ಆಟಗಾರನೊಬ್ಬ ಅವಳ ಮುಖದ ಹತ್ತಿರ ಮುಖ ತಂದು ಕಿರುಚುತ್ತಿದ್ದ. ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಬೆರಳೆತ್ತಿದಳು, ಅಷ್ಟೆ. ಆ ದಾಂಡಿಗ ಕೈ ಹಿಂದೆ ಕಟ್ಟಿಕೊಂಡು ಹೊರಟುಹೋದ.

“ಮನೇಲಿ ಜಿರಳೆ ಕಂಡ್ರೆ ಮಂಚ ಹತ್ತೋಳು ಇವಳೇನಾ?” ಎಂದು ಅಣ್ಣ ಹೆಂಡತಿಯನ್ನು ಕೇಳಿದ.

“ಜಿರಳೆಗೆ ಕಾರ್ಡ್ ತೋರ್ಸಕ್ಕಾಗಲ್ವಲ್ಲ,” ಅಂದಳು ಅತ್ತಿಗೆ.

ಆ ವರ್ಷ ದೊಡ್ಡ ಕಪ್ಪಿನ ಸೆಮಿಫೈನಲ್ಲಿಗೆ ಅವಳೇ ರೆಫರಿ. ಆಡುತ್ತಿದ್ದ ಎರಡು ತಂಡಗಳಲ್ಲಿ ಒಂದು ಪುಟ್ಟ ದೇಶದ್ದು. ಅಷ್ಟು ದೂರ ಬಂದದ್ದೇ ಅವರ ಪಾಲಿಗೆ ಮೊದಲು. ಅವರ ನಾಯಕ ಕಪ್ಪು ಪಟ್ಟಿಯ ಕಿತ್ತಳೆ ಬೂಟು ಹಾಕುತ್ತಿದ್ದ. ಕೊನೆಯ ಹೊತ್ತಿನಲ್ಲಿ ಗೋಲಿನ ಮುಂದೆ ಏಳೆಂಟು ಜನ ಒಬ್ಬರ ಮೇಲೊಬ್ಬರು ಬಿದ್ದರು. ಆ ರಾಶಿಯಿಂದ ಕಿತ್ತಳೆ ಬೂಟೊಂದು ಮೇಲೆದ್ದು, ಕೆಳಗೆ ಬಿದ್ದವನ ಕಣಕಾಲನ್ನು ಬೇಕೆಂದೇ ತುಳಿಯಿತು. ತಂಗಿ ಸೀಟಿ ಊದಿದಳು. ನೇರ ನಾಯಕನ ಹತ್ತಿರ ಹೋಗಿ ಕೆಂಪು ಕಾರ್ಡು ಎತ್ತಿದಳು. ತೀರ್ಪನ್ನು ವಿಡಿಯೋದಲ್ಲಿ ಮರುನೋಡುವ ಕೋಣೆಯವರಿಗೂ ಕಂಡದ್ದು ಬೂಟು ಮಾತ್ರ. ಅವರೂ ಸರಿಯೆಂದರು.

ನಾಯಕ “ನಾನಲ್ಲ, ನಾನಲ್ಲ” ಎನ್ನುತ್ತ ಅತ್ತುಬಿಟ್ಟ. ಮತ್ತೆ ಯಾರು ಎಂದು ಹೇಳಲಿಲ್ಲ. ಅವನ ತಂಡ ಹೇಗೋ ಗೆದ್ದಿತು. ಆದರೆ ಮುಂದಿನ ತಿಂಗಳ ಫೈನಲ್ಲಿನಲ್ಲಿ ಅವನು ಆಡುವಂತಿರಲಿಲ್ಲ. ತಂಡದ ಅಧಿಕಾರಿಗಳು ಮೇಲ್ಮನವಿ ಹಾಕಿದರು. ಯಾರೂ ಯಾರನ್ನೂ ತುಳಿದೇ ಇಲ್ಲ, ಎಲ್ಲ ರೆಫರಿಯ ಭ್ರಮೆ ಎಂಬುದು ಅವರ ವಾದ.

ಅದೇ ವಾರ ಇನ್ನೊಂದು ಗಲಾಟೆ. ಫೈನಲ್ಲಿಗೆ ಬಂದ ಎದುರು ತಂಡ ದೊಡ್ಡ ದೇಶದ್ದು. ಅವರ ಪ್ರಸಿದ್ಧ ಆಟಗಾರನೊಬ್ಬ ಬೇರೊಬ್ಬ ರೆಫರಿಯ ಮುಖಕ್ಕೆ ಉಗುಳಿ ಅಮಾನತಾಗಿದ್ದ. ಶಿಸ್ತು ಸಮಿತಿ ಅದನ್ನು ಸದ್ದಿಲ್ಲದೆ ರದ್ದು ಮಾಡಿತು. ಊರೂರಲ್ಲಿ ಜನ ರೊಚ್ಚಿಗೆದ್ದರು. ಮೈದಾನದಲ್ಲಿ ಕೊಟ್ಟ ತೀರ್ಪನ್ನು ಕೋಣೆಯಲ್ಲಿ ಕೂತು ಅಳಿಸುವುದಾದರೆ ರೆಫರಿ ಯಾಕೆ ಬೇಕು? ರೆಫರಿಗಳೆಲ್ಲ ಒಂದಾಗಿ, ಇನ್ನು ಒಂದು ತೀರ್ಪೂ ಅಲುಗಾಡಬಾರದು ಎಂದು ಪಟ್ಟು ಹಿಡಿದರು. ಆ ಪಟ್ಟಿನ ಗುರುತಾಗಿ ಫೈನಲ್ಲಿಗೂ ತಂಗಿಯನ್ನೇ ಆರಿಸಲಾಯಿತು. ಸುದ್ದಿ ಬಂದ ದಿನ ಪಕ್ಕದ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಓಡಿ ಬಂದ. “ನಮ್ಮ ಬೀದಿಯ ಸೀಟಿ ಇನ್ನು ಲೋಕಕ್ಕೆಲ್ಲ ಕೇಳ್ಸುತ್ತಮ್ಮ!” ಅವನ ಅಂಗಡಿಯಲ್ಲಿ ಅರ್ಧ ತಲೆ ಬೋಳಾದ ಗಿರಾಕಿ ಕಾಯುತ್ತಿದ್ದ.

ಕೆಡಿಸಿದ್ದು ಅಣ್ಣನ ಬಾಯಿ.

ಒಂದು ಮಧ್ಯಾಹ್ನ ತಂಗಿ ಕೆಲಸ ಮಾಡುತ್ತಲೇ ಆ ಸೆಮಿಫೈನಲ್ಲನ್ನು ಮತ್ತೆ ಹಾಕಿಕೊಂಡು ನೋಡುತ್ತಿದ್ದಳು. ತಾನು ಎಲ್ಲಿ ನಿಂತಿದ್ದೆ, ಎಲ್ಲಿ ನಿಲ್ಲಬೇಕಿತ್ತು ಎಂದು ನೋಡಿಕೊಳ್ಳುವುದು ಅವಳ ಪದ್ಧತಿ. ಅಣ್ಣ ಅಂಟು ಸವರುತ್ತ ಒಮ್ಮೆ ಕಣ್ಣು ಹಾಯಿಸಿದ.

“ಪಾಪ, ಆ ಹುಡುಗ ಯಾರದೋ ಬೂಟು ಹಾಕ್ಕೊಂಡಿದ್ದಾನೆ. ಹಿಮ್ಮಡಿ ಎದ್ದೆದ್ದು ಬರ್ತಿದೆ ನೋಡು.”

“ಯಾವ ಹುಡುಗ?”

“ಅವನೇ, ಕಿತ್ತಳೆ ಬೂಟಿನವನು.”

“ಕಿತ್ತಳೆ ಬೂಟಿನವನು ಆಗಲೇ ಹೊರಗೆ ಹೊರಟನಲ್ಲಣ್ಣ. ನಾನೇ ಕಳಿಸಿದ್ದು.”

ಇಬ್ಬರೂ ಪರದೆ ನೋಡಿದರು. ನಾಯಕ ತಲೆ ತಗ್ಗಿಸಿ ಮೈದಾನ ದಾಟಿ ಹೋಗುತ್ತಿದ್ದ. ಅವನ ಹಿಂದೆ ದೂರದಲ್ಲಿ ಅವನದೇ ತಂಡದ ಇನ್ನೊಬ್ಬ ಹಿಂಬದಿಯ ಆಟಗಾರ ನಿಂತಿದ್ದ. ಅವನ ಕಾಲಲ್ಲೂ ಕಪ್ಪು ಪಟ್ಟಿಯ ಕಿತ್ತಳೆ ಬೂಟು, ಒಂದು ಅಳತೆ ದೊಡ್ಡದು.

ತಂಗಿ ವಿಡಿಯೋವನ್ನು ಹಿಂದಕ್ಕೆ ಓಡಿಸಿದಳು. ಮೊದಲರ್ಧದಲ್ಲಿ ಆ ಹಿಂಬದಿಯವನದು ಬಿಳಿ ಬೂಟು. ವಿರಾಮಕ್ಕೆ ಹೋಗುವಾಗ ಅದರ ಅಟ್ಟೆ ಬಾಯಿ ಬಿಟ್ಟಿತ್ತು. ನಾಯಕ ತನ್ನ ಇನ್ನೊಂದು ಜೊತೆ ಬೂಟನ್ನು ಅವನಿಗೆ ಕೊಟ್ಟಿರಬೇಕು. ರಾಶಿಯಿಂದ ಎದ್ದ ಬೂಟನ್ನು ಅವಳು ಮತ್ತೆ ಮತ್ತೆ ನೋಡಿದಳು. ಹಿಮ್ಮಡಿ ಸಡಿಲವಾಗಿ ತೂಗುತ್ತಿತ್ತು.

ಅಣ್ಣ ಅಂಟಿನ ಡಬ್ಬಿ ಮುಚ್ಚಿದ. “ಏ, ನನಗೇನು ಗೊತ್ತಾಗುತ್ತೆ? ಕ್ಯಾಮೆರಾದಲ್ಲಿ ಹಾಗೆ ಕಾಣುತ್ತೆ. ಟೀವೀನೂ ಹಳೇದು.”

“ಅಣ್ಣಾ.”

“ನಾನೇನೂ ಹೇಳಲಿಲ್ಲ. ನೀನೇನೂ ಕೇಳಲಿಲ್ಲ.”

“ನಾನು ಮುಖ ನೋಡಲೇ ಇಲ್ಲ ಅಣ್ಣಾ,” ಅಂದಳು ಅವಳು. “ಬೂಟು ನೋಡಿದೆ. ಬೂಟಿಗೆ ಕಾರ್ಡು ಕೊಟ್ಟೆ.”

ಸಂಜೆಗೆ ಮೇಲ್ಮನವಿ ವಿಚಾರಿಸುವ ಸಮಿತಿಗೆ ಹೇಳಿದಳು, ನಾನು ಸಾಕ್ಷಿ ಹೇಳಬೇಕು ಎಂದು. ಮರುದಿನವೇ ಅವಳಿಗೆ ಕಲಿಸಿದ ಹಿರಿಯ ರೆಫರಿ ಫೋನು ಮಾಡಿದರು. ಸಿಟ್ಟಿನಲ್ಲಿ ಅವರ ದನಿ ಅಂಗಡಿಗೆಲ್ಲ ಕೇಳುತ್ತಿತ್ತು.

“ತಲೆ ನೆಟ್ಟಗಿದೆಯೇನಮ್ಮ? ಮೊನ್ನೆ ತಾನೇ ಆ ಉಗುಳಿದವನನ್ನ ಬಿಟ್ರು. ಈಗ ನೀನೂ ಬಗ್ಗಿದ್ರೆ ನಾಳೆ ಯಾರು ನಮ್ಮ ಸೀಟಿಗೆ ನಿಲ್ತಾರೆ?”

“ಸರ್, ಅವನು ಉಗುಳಿದ್ದು ನಿಜ. ಇವನು ತುಳಿದದ್ದು ಸುಳ್ಳು.”

“ಯಾರಿಗೆ ಗೊತ್ತು ಅದು?”

“ನನಗೆ ಗೊತ್ತು ಸರ್.”

ಅವರು ಫೋನು ಕುಕ್ಕಿದರು. ಅಣ್ಣ ಆ ದಿನ ಊಟ ಮಾಡಲಿಲ್ಲ. ಹಾಳು ನಾಲಿಗೆ, ಅಂಟು ಡಬ್ಬಿಯ ಮೇಲೆ ಇಡಬೇಕಾದ ಕಣ್ಣು ಟೀವಿ ಕಡೆ ಯಾಕೆ ಹೋಯಿತು ಎಂದು ತನ್ನನ್ನೇ ಶಪಿಸಿಕೊಂಡ. ತಂಗಿ ಬಟ್ಟಲು ಹಿಡಿದು ಬಂದು ಪಕ್ಕದಲ್ಲಿ ಕೂತಳು. “ನೀನು ಹೇಳದೆ ಇದ್ದಿದ್ರೆ, ಫೈನಲ್ ಮುಗಿದ ಮೇಲೆ ಯಾವತ್ತೋ ನನಗೇ ಕಂಡಿರೋದು. ಆಗ ಏನು ಮಾಡ್ಲಿ? ತಿನ್ನು.”

ವಿಚಾರಣೆ ವಿಡಿಯೋ ಕರೆಯಲ್ಲಿ ನಡೆಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ, ವಾರಸುದಾರರು ಬಾರದ ಚಪ್ಪಲಿಗಳ ಕಪಾಟಿನ ಮುಂದೆ ಅವಳು ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಳು. ಅಣ್ಣ ಸುತ್ತಿಗೆ ಕೆಳಗಿಟ್ಟು ಬಾಗಿಲಲ್ಲಿ ನಿಂತ. ಹೊರಗೆ ಕ್ಷೌರದವನೂ ಮತ್ತೆ ನಾಲ್ಕೈದು ಜನವೂ ಫುಟ್‌ಪಾತಿನ ಮೇಲೆ ಮಂಡಿಯೂರಿ ಬಗ್ಗಿ ನೋಡುತ್ತಿದ್ದರು. ಆ ಕಿಟಕಿಯಲ್ಲಿ ಅಷ್ಟೊಂದು ಮುಖಗಳನ್ನು ಅಣ್ಣ ಹುಟ್ಟಿದಾರಭ್ಯ ಕಂಡಿರಲಿಲ್ಲ.

“ನೀವು ಕಣ್ಣಾರೆ ಕಂಡದ್ದೇನು?” ಸಮಿತಿಯ ಅಧ್ಯಕ್ಷೆ ಕೇಳಿದರು.

“ತುಳಿದದ್ದು ಕಂಡೆ. ಬೂಟು ಕಂಡೆ. ಮುಖ ಕಾಣಲಿಲ್ಲ.”

“ವರದಿಯಲ್ಲಿ ನಾಯಕನ ಹೆಸರಿದೆ.”

“ಬೂಟು ಅವನದೆಂದು ಹೆಸರು ಬರೆದೆ. ಎರಡನೇ ಅರ್ಧದಲ್ಲಿ ಆ ಬೂಟು ಇಬ್ಬರ ಕಾಲಲ್ಲಿತ್ತು. ಅದನ್ನು ನಾನು ಗಮನಿಸಬೇಕಿತ್ತು. ತಪ್ಪು ನನ್ನದು.”

“ನಿಮ್ಮ ಮೇಲೆ ಯಾರಾದರೂ ಒತ್ತಡ ತಂದರಾ?”

“ತಂದರು ಮೇಡಂ. ಸುಮ್ಮನಿರು ಅಂತ.”

ಪರದೆಯ ಒಂದು ಮೂಲೆಯಲ್ಲಿ ಯಾರೋ ಕೆಮ್ಮಿದರು.

“ಇದಾದ ಮೇಲೆ ಫೈನಲ್ ನಿಮಗೆ ಸಿಗುವುದಿಲ್ಲ. ಗೊತ್ತಿದೆಯಾ?”

“ಗೊತ್ತಿದೆ. ಅವನಿಗೆ ಸಿಗದ ಹಾಗೆ ಮಾಡಿದ್ದು ನಾನೇ ಅಲ್ವಾ ಮೇಡಂ.”

ಸಣ್ಣ ಹೊಲಿಗೆ ತಪ್ಪಿದರೂ ನೂಲಿನ ಮೇಲೆ, ಚರ್ಮದ ಮೇಲೆ, ಗಿರಾಕಿಯ ನಡಿಗೆಯ ಮೇಲೆ ಹೊರಿಸಿ ಬದುಕಿದವನು ಅಣ್ಣ. ತಪ್ಪು ನನ್ನದು ಎಂಬ ಎರಡು ಮಾತನ್ನು ಅವಳು ನೀರು ಕೊಡು ಎಂದಷ್ಟು ಸಲೀಸಾಗಿ ಹೇಳಿದ್ದಳು. ಬೆರಳೆತ್ತಿ ದಾಂಡಿಗರನ್ನು ನಿಲ್ಲಿಸುತ್ತಿದ್ದ ಆ ಧೈರ್ಯ ಎಲ್ಲಿಂದ ಬರುತ್ತದೆಂದು ಅವನಿಗೆ ಅಂದು ಸ್ವಲ್ಪ ತಿಳಿಯಿತು. ಪೂರ್ತಿ ತಿಳಿಯಲಿಲ್ಲ.

ನಾಯಕನ ಅಮಾನತು ರದ್ದಾಯಿತು. ತುಳಿದವನಿಗೆ ಶಿಕ್ಷೆಯಾಯಿತು. “ಇನ್ನೊಂದು ತೀರ್ಪೂ ಮಗುಚಿತು” ಎಂದು ಅರ್ಧ ಲೋಕ ಅವಳನ್ನು ಬೈಯಿತು. ಉಳಿದರ್ಧ ಲೋಕ ಅವಳನ್ನು ಮರೆತುಬಿಟ್ಟಿತು. ಫೈನಲ್ಲಿಗೆ ಬೇರೆ ರೆಫರಿ ಬಂದರು. ಒಂದು ದಿನ ಹಿರಿಯ ರೆಫರಿಯ ಫೋನು ಮತ್ತೆ ಬಂತು.

“ನಾನಾಗಿದ್ದಿದ್ರೆ ಹೇಳ್ತಿರಲಿಲ್ಲಮ್ಮ,” ಎಂದು ಇಟ್ಟುಬಿಟ್ಟರು.

ಫೈನಲ್ಲಿನ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತಿಗೆ ಚಹಾ ಹಂಚುತ್ತಿದ್ದಳು. ಆಟ ಕಾವೇರಿದಾಗ ಆ ನಾಯಕನೇ ಎದುರಾಳಿಯ ಅಂಗಿ ಹಿಡಿದೆಳೆದ. ರೆಫರಿ ಹಳದಿ ಕಾರ್ಡು ಎತ್ತಿದರು. ಅವನು ಎರಡೂ ಕೈ ಚಾಚಿ “ನಾನಲ್ಲ” ಎಂದ.

“ನೋಡಮ್ಮಾ ನೀನು ಬಿಡಿಸ್ಕೊಂಡು ಬಂದ ಸಾಧು!” ಕ್ಷೌರದವನು ಕೂಗಿದ.

“ಸರಿಯಾಗೇ ಕೊಟ್ರು,” ಅಂದಳು ತಂಗಿ. “ಈ ಸಲ ಅವನೇ.”

ಅಂಗಡಿ ಬಿದ್ದು ಬಿದ್ದು ನಕ್ಕಿತು. ಅಣ್ಣ ನಗಲಿಲ್ಲ. ಅವನು ಆಟಕ್ಕೆ ಬೆನ್ನು ಮಾಡಿ, ಅಟ್ಟೆಯಲ್ಲಿ ಬಿರುಕು ಹುಡುಕುವವನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ. ಕಳೆದುಕೊಂಡದ್ದರ ನೋವು ಎಲ್ಲಾದರೂ ಒಂದು ಕಡೆ ಇಣುಕಬೇಕಲ್ಲ. ಅವಳು ಮಾತ್ರ ಕುರ್ಚಿಯ ತುದಿಗೆ ಬಂದು ಕೂತು, ಆ ಬೇರೆ ರೆಫರಿಯ ಜೊತೆ ಜೊತೆಗೆ ಓಡುತ್ತಿದ್ದಳು. ಅವರು ತಿರುಗಿದರೆ ಇವಳ ಭುಜ ತಿರುಗುತ್ತಿತ್ತು, ಅವರು ಊದುವ ಮೊದಲೇ ಇವಳ ಕೆನ್ನೆ ಉಬ್ಬುತ್ತಿತ್ತು.

“ಅಣ್ಣಾ,” ಅಂದಳು ಕತ್ತು ವಾರೆ ಮಾಡಿ, “ಸ್ವಲ್ಪ ಸರಿ ಆ ಕಡೆ. ಆಫ್‌ಸೈಡ್ ಕಾಣ್ತಿಲ್ಲ.”

ಅಣ್ಣ ಸರಿದು ನಿಂತ.