ಸಾರ್ ಆಡಬೇಕಿದ್ದ ಮಾತು

ಹೋದ ಶನಿವಾರ ಕೃಷ್ಣಗಿರಿಯ ಕಾಲೇಜೊಂದರಲ್ಲಿ ಡೇಟಾಬೇಸ್ ಕೆಲಸದವರ ಸಮ್ಮೇಳನ ಇತ್ತು. ಹೆಸರು ಬರೆಸೋಕೆ ಸಾಲಲ್ಲಿ ನಿಂತಿದ್ದೆ. ಮುಂದೆ ಯಾರೋ ಅತಿಮಧುರದ ಬೇರು ಅಗೀತಿದ್ರು. ಆ ಸಿಹಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ಇಣುಕಿ ನೋಡಿದೆ. ಸಾರ್ ಬಂದುಬಿಟ್ರಾ ಅನ್ನಿಸ್ತು... ಸಾರ್ ಹೋಗಿ ವರ್ಷಗಳೇ ಆಗಿವೆ.

ಹೊಸೂರಿನ ಕಾರ್ಖಾನೆಯಲ್ಲಿ ನನಗೆ ಡೇಟಾಬೇಸ್ ಕೆಲಸ ಕಲಿಸಿದವರು ಅವರು. ಡೆಂಕಣಿಕೋಟೆ ಕಡೆಯವರು. ನಾನು ಕೆಲಮಂಗಲದವಳು ಅಂತ ಗೊತ್ತಾಗಿದ್ದೇ, "ಹಂಗಾದ್ರೆ ನಮ್ ಬಸ್ಸಲ್ಲೇ ಬತ್ತೀಯಾ ಬಿಡಮ್ಮ" ಅಂದಿದ್ರು. ಎಲ್ಲಿ ಇಂಥ ಸಭೆ ಇದ್ರೂ ಕರ್ಕೊಂಡು ಹೋಗೋರು. ಬೆಂಗಳೂರಿನ ಏಸಿ ಹಾಲಿರಲಿ, ಹೊಸೂರಿನ ಮುರುಕು ಬೆಂಚಿರಲಿ, ಹಿಂದಿನ ಸಾಲೇ ಅವರ ಜಾಗ. ಗಂಟಲಿಗೆ ಒಳ್ಳೇದು ಅಂತ ಅತಿಮಧುರ ಅಗೀತಾ ಕೂರೋರು. ಭಾಷಣ ಮುಗಿದ ಮೇಲೆ ಗಂಟಲು ಸರಿ ಮಾಡ್ಕೊಂಡು ಎದ್ದು ಕೇಳ್ತಿದ್ದದ್ದು ಒಂದೇ: "ಎಲ್ಲಾ ಸರಿ, ಇದು ಕೆಟ್ಟು ಕೂತಾಗ ಏನ್ ಮಾಡಿದ್ರಿ?" ಕೆಲವರು ಖುಷಿಯಿಂದ ಹೇಳೋರು, ಕೆಲವರು ಊಟದ ಹೊತ್ತಾಯ್ತು ಅನ್ನೋರು.

ಅವರಿಗೂ ಹೇಳೋಕೆ ಬೇಕಾದಷ್ಟಿತ್ತು. ಆದ್ರೆ ವೇದಿಕೆ ಅಂದ್ರೆ ಅಳುಕು. "ಬಸ್ಸಲ್ಲಿ ನನ್ನ ಕಿವಿ ತೂತು ಮಾಡ್ತೀರಲ್ಲ, ಅದನ್ನೇ ಅಲ್ಲಿ ಹೇಳಿ ಸಾರ್" ಅಂತ ಎಷ್ಟೋ ಸಲ ರೇಗಿಸಿದ್ದೆ. ನಗೋರು, ಅಷ್ಟೇ.

ಆಮೇಲೆ ಆ ಗಂಟಲೇ ಕೈ ಕೊಡ್ತು. ಗಡ್ಡೆ ಇದೆ, ಆಪರೇಷನ್ ಆಗಬೇಕು, ದನಿ ಉಳಿಯಲ್ಲ ಅಂದ್ರು ಡಾಕ್ಟರು. ಸಾರ್ ನನ್ನ ಮೇಜಿನ ಹತ್ರ ಬಂದ್ರು. "ಇಷ್ಟು ವರ್ಷ ಊರೋರ ಮಾತೆಲ್ಲ ಕೇಳ್ದೆ ಕಣಮ್ಮ. ದನಿ ಹೋಗೋಕೆ ಮುಂಚೆ ಒಂದ್ಸಲ ನನ್ ಮಾತೂ ಯಾರಾದ್ರೂ ಕೇಳ್ಲಿ" ಅಂದ್ರು.

ಹೊಸೂರಿನ ಸಭೆಯವರನ್ನ ಕಾಡಿಬೇಡಿ ಅರ್ಧ ಗಂಟೆ ಕೊಡಿಸಿದೆ. ನಮ್ಮ ಕಾರ್ಖಾನೆಯ ಡೇಟಾಬೇಸ್ ಒಮ್ಮೆ ನೆಲಕಚ್ಚಿದಾಗ ಅದನ್ನ ಹೇಗೆ ಎಬ್ಬಿಸಿದ್ರು ಅನ್ನೋದು ವಿಷಯ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕ್ಕೊಂಡು ಬಂದಿದ್ರು. ಕನ್ನಡ, ತಮಿಳು, ಇಂಗ್ಲಿಷು ಮೂರನ್ನೂ ಕಲಸಿ ಶುರು ಮಾಡಿದ್ರು, ಚೆನ್ನಾಗೇ ಹೋಗ್ತಿತ್ತು... "ಆಗ ನಾವು ಮೊದ್ಲು ಮಾಡಿದ್ದೇನಪ್ಪಾ ಅಂದ್ರೆ" ಅನ್ನೋವಷ್ಟರಲ್ಲಿ ದನಿ ನಿಂತುಹೋಯ್ತು. ಬಾಯಿ ಆಡ್ತಿದೆ, ಉಸಿರು ಬಿಟ್ರೆ ಏನೂ ಬರ್ತಿಲ್ಲ. ಹಾಳಾದ್ದು, ಆಪರೇಷನ್‌ವರೆಗೂ ಕಾಯಲಿಲ್ಲ.

ಕಣ್ಣಲ್ಲೇ ನನ್ನ ಕರೆದ್ರು. ಬಸ್ಸಲ್ಲಿ ನೂರು ಸಲ ಕೇಳಿದ್ದ ಕಥೆ, ನನಗೆ ಬಾಯಿಪಾಠ. ನಾನು ಮೈಕಿನ ಮುಂದೆ ನಿಂತೆ, ಅವರು ನನ್ನ ಎಡಕ್ಕೆ. ಒಂದೊಂದು ಮಾತು ಹೇಳಿ ಅವರ ಕಡೆ ತಿರುಗ್ತಿದ್ದೆ. ಸರಿಯಿದ್ರೆ ತಲೆ ಆಡಿಸೋರು, ತಪ್ಪಿದ್ರೆ ಬೆರಳು ಅಲ್ಲಾಡಿಸೋರು. ಹಾಗೇ ಮುಗಿಸಿದ್ವಿ. ಜನ ಎದ್ದು ಚಪ್ಪಾಳೆ ಹೊಡೆದ್ರು. ಎಲ್ಲಾ ಕಾಫಿಗೆ ಹೋದ ಮೇಲೆ ಸಾರ್ ಒಬ್ಬರೇ ಮೈಕ್ ಹಿಡ್ಕೊಂಡು ಖಾಲಿ ಕುರ್ಚಿಗಳ ಕಡೆ ನೋಡ್ತಾ ನಿಂತಿದ್ರು, ತುಟಿ ಇನ್ನೂ ಆಡ್ತಿತ್ತು... ಆಪರೇಷನ್ ಆದ ಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ.

ಈಗ ಇಂಥ ಸಭೆಗಳಿಗೆ ಮಾತಾಡೋಕೆ ನನ್ನನ್ನೇ ಕರೀತಾರೆ. ಹಿಂದಿನ ಸಾಲಲ್ಲಿ ಯಾರು ಗಂಟಲು ಸರಿ ಮಾಡ್ಕೊಂಡ್ರೂ ಸಾರ್ ಪ್ರಶ್ನೆ ಬಂತು ಅಂತ ಮಾತು ನಿಲ್ಲಿಸ್ತೀನಿ. ಕೃಷ್ಣಗಿರಿಯಲ್ಲೂ ಅದೇ ಡೇಟಾಬೇಸ್ ಎಬ್ಬಿಸಿದ ಕಥೆ ಹೇಳಿ ಇಳಿದು ಬಂದೆ. ಮೈಕಿನವರು ನಮ್ಮ ಕಡೆಯವರೇ, ವೈರು ಸುತ್ತುತ್ತಾ ಹೇಳಿದ್ರು: "ಮೇಡಂ, ನೀವು ಮಾತ್ಮಾತಿಗೂ ಎಡಕ್ಕೆ ತಿರುಗ್ತೀರಾ, ದನಿ ಮೈಕಿಗೆ ಸಿಕ್ಕಲ್ಲ. ಅಲ್ಲಿ ಯಾರವ್ರೆ ಅಂತ ನೋಡ್ತೀರಾ?"

ನಾನು ಹಾಗೆ ತಿರುಗ್ತೀನಿ ಅನ್ನೋದೇ ನನಗೆ ಗೊತ್ತಿರಲಿಲ್ಲ.

"ಯಾರೂ ಇಲ್ಲಣ್ಣ" ಅಂದೆ. ಸಾರ್ ಇಲ್ಲ ಅಂತ ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.