ನಿನ್ನ ಕೈಗೆ ನಾನು ಹಚ್ಚಿದ ಕೊಳೆ

ಸಾಕಮ್ಮ, ನಿನ್ನ ಕೈ ಶುದ್ಧವಿಲ್ಲ ಎಂದು ಆ ಫ್ರಾನ್ಸಿನ ಮುದುಕಿ ಹೇಳಲೇ ಇಲ್ಲ. ಹೇಳಿದವನು ನಾನು. ಅವರು ಹೇಳಿದ್ದೇ ಬೇರೆ — ನಿನ್ನನ್ನು ಒಂದು ವರ್ಷ ಅಲ್ಲೇ ಇರು ಎಂದು ಕೇಳಿದ್ದರು. ಇಷ್ಟು ಬರೆಯುವುದಕ್ಕೆ ನನಗೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಬೇಕಾಯಿತಲ್ಲ, ನನ್ನ ಬಾಯಿಗೆ ಮಣ್ಣು ಹಾಕ!

ನಾನಾಗ ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ. ಕೆ.ಆರ್.ಎಸ್. ನೋಡಲು ಸೈಕಲ್ಲಿನಲ್ಲಿ ಬಂದಿದ್ದ ಲೂಕ್ ಎಂಬ ಫ್ರೆಂಚಿನವನು ಚಿನಕುರಳಿ ದಾಟುವಷ್ಟರಲ್ಲಿ ಜ್ವರ ಬಂದು ನಮ್ಮ ಜಗಲಿಯ ಮೇಲೆ ಬಿದ್ದುಕೊಂಡ. ಒಂದು ವಾರ ಗಂಜಿ, ಮಜ್ಜಿಗೆ ಕೊಟ್ಟು ಅವನನ್ನು ಎಬ್ಬಿಸಿ ಕೂರಿಸಿದವಳು ನೀನು. ಊರಿಗೆ ಹೋದವನು ಮರೆಯಲಿಲ್ಲ. ಬೇಸಿಗೆಗೆ ಇಬ್ಬರೂ ಬನ್ನಿ, ಹಳ್ಳಿಗಳಲ್ಲಿ ಹೊಲದ ಕೆಲಸ ಮಾಡಿಕೊಂಡು ಊರು ನೋಡಬಹುದು, ಊಟ ವಸತಿ ಆಯಾ ಮನೆಯವರದು, ವಿಮಾನದ ಟಿಕೆಟ್ ನನ್ನದು ಎಂದು ಕಾಗದ ಬರೆದ. ನಾಗಮಂಗಲದ ನಿನ್ನ ತವರಿನವರು, "ಗಂಡನ ಭಾಗ್ಯದಿಂದ ವಿಮಾನ ಹತ್ತುತ್ತಾಳೆ" ಎಂದರು. ನಾನು ತಿದ್ದಲಿಲ್ಲ. ನಿನ್ನ ಗಂಜಿಯ ಋಣಕ್ಕೆ ನಾನು ಬಾಲದಂತೆ ಹೊರಟಿದ್ದೆ — ಅದು ನನಗೆ ಗೊತ್ತಿತ್ತು.

ಎರಡು ತಿಂಗಳು ಊರಿಂದೂರಿಗೆ ತಿರುಗಿದೆವು. ಒಂದು ಕಡೆ ಬೆಳ್ಳುಳ್ಳಿ ಕಿತ್ತೆವು, ಇನ್ನೊಂದು ಕಡೆ ಒಣಹುಲ್ಲು ಕಟ್ಟಿದೆವು. ರಾತ್ರಿ ಊಟದ ಹೊತ್ತಿಗೂ ಬಿಸಿಲು ಇಳಿಯದೆ, "ಈ ಊರ್ ಸೂರ್ಯಂಗೆ ಮನೆ ಮಠ ಇಲ್ವಾ?" ಎಂದು ನೀನು ನಕ್ಕಿದ್ದೆ. ನನಗೆ ನಗು ಬರಲಿಲ್ಲ. ಅಂಗೈ ತುಂಬ ಬೊಬ್ಬೆ ಎದ್ದಿತ್ತು. ಊರಲ್ಲಿ ಎಲ್ಲರೂ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದ ಸೆಕ್ರೆಟರಿ, ಅಲ್ಲಿ ಕವೆಗೋಲು ಹಿಡಿಯಲು ಬಾರದ ದಂಡಪಿಂಡ. ನೀನೋ, ಅದೇ ನೆಲದಲ್ಲಿ ಹುಟ್ಟಿದವಳಂತೆ ಸೆರಗು ಸಿಕ್ಕಿಸಿ ನಡೆದೆ.

ಕೊನೆಯದು ಲೂಕನ ಅಮ್ಮ ಸಿಮೋನ್ ಅವರ ಮನೆ. ನಿನ್ನ ಬಾಯಲ್ಲಿ ಅವರು ಸೀಮಮ್ಮ ಆದರು. ಇಪ್ಪತ್ತು ಹಸು, ಪಕ್ಕದಲ್ಲೇ ಹಾಲು ಒಡೆಸಿ ಗಿಣ್ಣಿನ ಗಟ್ಟಿ — ಅವರ ಚೀಸ್ — ಮಾಡುವ ತಣ್ಣನೆಯ ಕೋಣೆ. ನೀನು ಹಾಲಿಗೆ ಬೆರಳು ಅದ್ದಿ, "ಇನ್ ವಸಿ ಕಾಯ್ಬೇಕು" ಎನ್ನುತ್ತಿದ್ದೆ. ಲೂಕ್ ಥರ್ಮಾಮೀಟರ್ ಇಟ್ಟು ನೋಡಿ ತಲೆದೂಗುತ್ತಿದ್ದ. ಭಾಷೆಯಿಲ್ಲದೆ ನೀವಿಬ್ಬರು ಹೆಂಗಸರು ದಿನವಿಡೀ ಅದೇನು ಮಾತಾಡುತ್ತಿದ್ದಿರೋ — ನನ್ನನ್ನು ಯಾರೂ ಕರೆಯುತ್ತಿರಲಿಲ್ಲ.

ಒಂದು ಭಾನುವಾರ ಊಟ ಮುಗಿದ ಮೇಲೆ ಸೀಮಮ್ಮ ನಿನ್ನ ಎರಡೂ ಕೈ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಬಹಳ ಹೊತ್ತು ಏನೋ ಹೇಳಿದರು. ಲೂಕ್ ಅದನ್ನು ಇಂಗ್ಲಿಷಿನಲ್ಲಿ ನನಗೆ ಹೇಳಿದ: ಇಂಥ ಕೈ ನಾನು ನೋಡಿಲ್ಲ, ನನ್ನ ನಂತರ ಈ ಕೋಣೆ ನೋಡಿಕೊಳ್ಳುವವರಿಲ್ಲ, ಒಂದು ವರ್ಷ ಇಬ್ಬರೂ ಇಲ್ಲೇ ಇರಿ, ಕಾಗದಪತ್ರ ನಾವು ಮಾಡಿಸುತ್ತೇವೆ, ಈಕೆ ನನ್ನ ಜೊತೆ ಕೆಲಸ ಕಲಿಯಲಿ, ನೀವು ಹೊರಗೆ ಕೊಟ್ಟಿಗೆ ಗುಡಿಸಿಕೊಂಡು ನೆರವಾಗಿ.

ಕೊಟ್ಟಿಗೆ ಗುಡಿಸಿಕೊಂಡು. ಅದೊಂದೇ ನನ್ನ ಕಿವಿಯಲ್ಲಿ ಉಳಿಯಿತು.

"ಏನಂದ್ರು? ಕೈ ಇಡ್ಕೊಂಡು ಏನೋ ಯೋಳುದ್ರಲ್ಲ?" ಎಂದು ನೀನು ಕೇಳಿದೆ. ಮುಖದಲ್ಲಿ ಎಂಥ ಆಸೆಯಿತ್ತು — ನಾನು ಅದನ್ನು ನೋಡಿಕೊಂಡೇ ಹೇಳಿದೆ.

"ನಿನ್ ಕೈ ಸುದ್ದ ಇಲ್ವಂತೆ ಕಣೆ. ಗಿಣ್ಣಿನ ಕೋಣೆಗೆ ಇನ್ ಬರೋದ್ ಬ್ಯಾಡ್ವಂತೆ. ಒಂಟೋಗಾನ ಬುಡು."

ನೀನು ಕೈ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡೆ. "ಉಜ್ಜಿ ಉಜ್ಜಿ ತೊಳ್ದಿದ್ನಲ್ಲ..." ಎಂದೆ, ಅಷ್ಟೆ. ನಾನು ಲೂಕನ ಕಡೆ ತಿರುಗಿ, ಇವಳಿಗೆ ಇಲ್ಲಿ ಮನಸ್ಸು ನಿಲ್ಲುತ್ತಿಲ್ಲವಂತೆ, ಊರಿಗೆ ಹೋಗಬೇಕಂತೆ ಎಂದೆ. ಸೀಮಮ್ಮನ ಮುಖ ಬಾಡಿತು. ಹೊರಡುವ ದಿನ ನೀನು ಅವರ ಕಾಲಿಗೆ ಬಿದ್ದು, "ತಪ್ಪಾಗಿದ್ರೆ ಒಟ್ಟೆಗಾಕ್ಕೊಳಿ ತಾಯಿ" ಎಂದು ಅತ್ತೆ. ಅವರೂ ಅಳುತ್ತ, ಏನು ಹೇಳುತ್ತಿದ್ದಾಳೆ ಎಂದು ಮಗನಿಂದ ನನ್ನನ್ನು ಕೇಳಿಸಿದರು. ಉಪಕಾರ ಸ್ಮರಿಸುತ್ತಿದ್ದಾಳೆ ಎಂದೆ. ಇಬ್ಬರ ನಡುವೆ ಕಲ್ಲುಗುಂಡಿನಂತೆ ನಿಂತಿದ್ದೆ.

ಊರಿಗೆ ಬಂದ ಮಾರನೆಯ ಬೆಳಗ್ಗೆ ಪಕ್ಕದ ಮನೆಯ ಗೌರಿ ಬಟ್ಟಲು ಹಿಡಿದು ಬಂದಳು. "ಸಾಕಕ್ಕ, ವಸಿ ಎಪ್ಪು ಕೊಡಕ್ಕ. ನೀನಿಲ್ದೆ ನಮ್ಮನೆ ಮೊಸ್ರು ಮೊಸ್ರೇ ಆಗಿರ್ಲಿಲ್ಲ."

"ನಮ್ಮನೇದ್ ಬ್ಯಾಡ ಕಣವ್ವ. ಬ್ಯಾರೆ ಕಡೆ ಈಸ್ಕೊ" ಎಂದು ನೀನು ಒಳಗೆ ಹೋದೆ.

ನಮಗೆ ಮಕ್ಕಳಾಗಲಿಲ್ಲ. ಆರತಿಗೆ ನಿನ್ನನ್ನು ಕರೆಯದ ಹೆಂಗಸರೂ ಹೆಪ್ಪಿಗೆ ಮಾತ್ರ ನಿನ್ನ ಬಾಗಿಲಿಗೇ ಬರುತ್ತಿದ್ದರು. ಬಂದವರು ಎರಡು ಮಾತಾಡಿ, ನಗಿಸಿ, ನಕ್ಕು ಹೋಗುತ್ತಿದ್ದರು. ಆ ಊರಲ್ಲಿ ನಿನಗಿದ್ದ ಜಾಗ ಅಷ್ಟೇ. ಅದನ್ನೂ ನಾನು ಕಿತ್ತುಕೊಂಡೆ. ಆಗಲಾದರೂ ಹೇಳಬಹುದಿತ್ತು. ಸಂಜೆ ಹೇಳೋಣ, ಹಬ್ಬ ಕಳೆಯಲಿ ಎಂದುಕೊಂಡು... ಕೆ.ಆರ್. ಪೇಟೆಯಲ್ಲಿ ನನ್ನ ತಮ್ಮನ ಮದುವೆಯಾದಾಗ ಹೆಂಗಸರೆಲ್ಲ ತರಕಾರಿ ಹೆಚ್ಚುತ್ತಿದ್ದರೆ ನೀನು ಕೈಕಟ್ಟಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. "ಪಾರಿನ್‌ಗೋಗ್ ಬಂದ್ಮೇಲೆ ಸೊಕ್ಕು ಬಂದದೆ" ಎಂದರು. ನಾನು ಅದನ್ನೂ ಕೇಳಿಸಿಕೊಂಡು ಊಟ ಮಾಡಿದೆ. ಒಬ್ಬೊಬ್ಬರಾಗಿ ನಮ್ಮ ಬಾಗಿಲಿಗೆ ಬರುವುದನ್ನು ನಿಲ್ಲಿಸಿದರು.

ಫ್ರಾನ್ಸಿನಿಂದ ವರ್ಷಕ್ಕೊಂದು ಕಾಗದ ಬರುತ್ತಿತ್ತು. ಏನಂತೆ ಎಂದರೆ, ಹೊಸ ವರ್ಷದ ಶುಭಾಶಯವಂತೆ ಎನ್ನುತ್ತಿದ್ದೆ. ಸಾಕಮ್ಮ ಹೇಗಿದ್ದಾಳೆ, ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಲಿ ಎಂದು ಅದರಲ್ಲಿ ಬರೆದಿರುತ್ತಿತ್ತು. ಕೊನೆಯ ಕಾಗದ ಲೂಕನದು — ಅಮ್ಮ ತೀರಿಕೊಂಡರು ಎಂದು. ಅದನ್ನು ನಿನಗೆ ಓದಿ ಹೇಳಲೇ ಇಲ್ಲ. ಒಲೆಗೆ ಹಾಕಿದೆ.

ಹೋದ ವಾರ ಪಾಂಡವಪುರದ ಡಾಕ್ಟರಮ್ಮ ನಿನ್ನ ಬಿರಿದ ಅಂಗೈ ನೋಡಿ, ದಿನಕ್ಕೆ ಎಷ್ಟು ಸಲ ಸೋಪು ಹಾಕ್ತೀರಮ್ಮ ಎಂದು ಕೇಳಿದರು. "ಎಷ್ಟ್ ತೊಳುದ್ರೂ ಓಗಲ್ಲ ಬುಡಿ" ಎಂದೆ ನೀನು. ಏನು ಹೋಗಲ್ಲ ಎಂದು ಅವರು ಕೇಳಿದ್ದಕ್ಕೆ ನೀನು ನನ್ನ ಮುಖ ನೋಡಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ನಿನ್ನ ಅವಮಾನ ನನಗೊಬ್ಬನಿಗೇ ಗೊತ್ತು, ನಾನು ಯಾರಿಗೂ ಹೇಳದೆ ನಿನ್ನ ಮಾನ ಕಾಪಾಡಿದ್ದೇನೆ ಎಂದು ನೀನು ನಂಬಿದ್ದೀಯ. ಆ ನೋಟದಲ್ಲಿ ನನ್ನ ಮೇಲೆ ಕೃತಜ್ಞತೆಯಿತ್ತು, ಸಾಕಮ್ಮ. ಅದನ್ನು ತಾಳಲಾರೆ.

ನಿನ್ನ ಕೈಗೆ ಏನೂ ಆಗಿಲ್ಲ. ಯಾವತ್ತೂ ಏನೂ ಆಗಿರಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮಿಸಬೇಕಾದ ಕಷ್ಟವನ್ನೂ ನಿನ್ನ ತಲೆಗೆ ಕಟ್ಟಲಾರೆ. ಈ ಕಾಗದ ಕೈಗೆ ಬಂದ ಕೂಡಲೇ, "ಏನ್ ಬರ್ದದೆ, ಓದಿ ಯೋಳಿ" ಎಂದು ನೀನು ನನಗೇ ಕೊಡುತ್ತೀಯ, ಗೊತ್ತು. ನಾನು ಓದುವುದಿಲ್ಲ. ಮೂರನೇ ಕ್ಲಾಸಿನವರೆಗೆ ಕಲಿತಿದ್ದೀಯ, ಅಕ್ಷರಗಳನ್ನು ದಪ್ಪಗೆ ಬರೆದಿದ್ದೇನೆ. ಒಂದೊಂದಾಗಿ ಕೂಡಿಸಿಕೊಂಡು ನೀನೇ ಓದು, ಸಂಜೆಯಾದರೂ ಆಗಲಿ. ಈ ಸಲ ನಡುವೆ ನಾನಿರುವುದು ಬೇಡ.